ಮೆಂಟರಿಂಗ್ ಶುರು ಮಾಡ್ತೀರಾ? ಮೊದಲು 20 ಲಕ್ಷದ ಲೆಕ್ಕ ತಿಳಿದುಕೊಳ್ಳಿ

ಸಂದರ್ಶನಕ್ಕೆ ತಯಾರಿ, ಪಿಯುಸಿ ಆದ ಮೇಲೆ ಮುಂದೇನು ಅನ್ನೋ ಸಲಹೆ, ಕೆಲಸ ಬದಲಿಸುವವರಿಗೆ ದಾರಿ. ಮನೆಯಿಂದಲೇ ಇಂಥ ಮೆಂಟರಿಂಗ್ ಶುರು ಮಾಡುವವರು ಈಗ ಜಾಸ್ತಿ. ಲೋಗೊ, ವೆಬ್‌ಸೈಟ್‌ಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ, ಲೆಕ್ಕದ ಪುಸ್ತಕ ತೆರೆಯುವುದು ಮಾತ್ರ ನೋಟಿಸ್ ಬಂದ ಮೇಲೆ. ತೆರಿಗೆ ಲೆಕ್ಕ ಬರೆಯುವ ನನಗೆ ಇದನ್ನು ನೋಡಿ ನೋಡಿ ಸಾಕಾಗಿದೆ.

ಹಂತ 1: ಒಬ್ಬರೇ ನಡೆಸುವುದಾದರೆ ಕಂಪನಿ ಬೇಡ. ನಿಮ್ಮದೇ ಪ್ಯಾನ್ ಸಾಕು. ಫೀಸಿಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಸಣ್ಣ ಉದ್ದಿಮೆ ಎಂದು ಸರ್ಕಾರ ಗುರುತಿಸುವ ಉದ್ಯಮ್ ನೋಂದಣಿ ಸರ್ಕಾರಿ ಜಾಲತಾಣದಲ್ಲಿ ಪೂರ್ತಿ ಉಚಿತ, ಆಧಾರ್, ಪ್ಯಾನ್ ಇದ್ದರೆ ಆಗುತ್ತದೆ. ಅದಕ್ಕೆ ದುಡ್ಡು ಕೇಳುವ ಖಾಸಗಿ ಸೈಟ್‌ಗಳು ಗೂಗಲ್‌ನಲ್ಲಿ ಮೇಲೆಯೇ ಕಾಣಿಸುತ್ತವೆ. ಅವನ್ನು ಮುಚ್ಚಿಬಿಡಿ.

ಹಂತ 2: ಕಚೇರಿ ತೆರೆದರೆ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ನೋಂದಣಿಯನ್ನು ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ. ವೃತ್ತಿ ತೆರಿಗೆ ಎಷ್ಟೇ ಆದರೂ ವರ್ಷಕ್ಕೆ 2,500 ರೂಪಾಯಿ ದಾಟದು. ಮುಂದೂಡಬೇಡಿ.

ಹಂತ 3: ಜಿಎಸ್‌ಟಿ. ಎಲ್ಲರೂ ಎಡವುವುದು ಇಲ್ಲೇ.

ಮೊದಲ ತಪ್ಪು, 40 ಲಕ್ಷದವರೆಗೆ ಚಿಂತೆ ಇಲ್ಲ ಅಂದುಕೊಳ್ಳುವುದು. ಅದು ಸರಕು ಮಾರುವವರಿಗೆ. ಮೆಂಟರಿಂಗ್ ಸೇವೆ, ಹಾಗಾಗಿ ಮಿತಿ ವರ್ಷಕ್ಕೆ 20 ಲಕ್ಷ. ಎರಡನೆಯದು, ಲಾಭ ನೋಡುವುದು. ಇಲಾಖೆ ನೋಡುವುದು ಖರ್ಚು ಕಳೆಯುವ ಮೊದಲಿನ ವಹಿವಾಟನ್ನು.

ಮೂರನೆಯ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಲೆಕ್ಕ ಹಾಕಿ ನೋಡಿ. ತಿಂಗಳಿಗೆ 6,000 ಕೊಡುವ 15 ಜನ ಇದ್ದಾರೆ, ವರ್ಷಕ್ಕೆ 10.8 ಲಕ್ಷ. ಒಂದು ಕಂಪನಿಗೆ ತರಬೇತಿ ಕೊಟ್ಟಿದ್ದಕ್ಕೆ 7 ಲಕ್ಷ. ನಿಮ್ಮ ಮೇಲಿನ ಮನೆಯಿಂದ ಬರುವ ಬಾಡಿಗೆ ತಿಂಗಳಿಗೆ 25,000, ಅಂದರೆ 3 ಲಕ್ಷ. ಒಟ್ಟು 20.8 ಲಕ್ಷ. ‘ವಾಸದ ಮನೆ ಬಾಡಿಗೆಗೆ ಜಿಎಸ್‌ಟಿ ಇಲ್ವಲ್ಲ ಸಾರ್’ ಅನ್ನುತ್ತಾರೆ. ತೆರಿಗೆ ಇಲ್ಲ ನಿಜ. ಆದರೆ ಮಿತಿ ದಾಟಿದೆಯೋ ಇಲ್ಲವೋ ಎಂದು ನೋಡುವಾಗ ಒಂದೇ ಪ್ಯಾನ್‌ನಲ್ಲಿ ಬಂದ ಆ ಬಾಡಿಗೆಯೂ ಸೇರುತ್ತದೆ. ಸಂಬಳ ಸೇರುವುದಿಲ್ಲ.

ಮಿತಿ ದಾಟಿದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. ಆಮೇಲೆ ಫೀಸಿನ ಮೇಲೆ ಶೇ 18. ಫೀಸು ಹೇಳುವಾಗಲೇ ‘ಜಿಎಸ್‌ಟಿ ಪ್ರತ್ಯೇಕ’ ಎಂದು ಬರೆಯಿರಿ. ಇಲ್ಲದಿದ್ದರೆ ಅದೇ 6,000ದಲ್ಲಿ ಸುಮಾರು 915 ರೂಪಾಯಿ ನಿಮ್ಮ ಕೈಯಿಂದ ಹೋಗುತ್ತದೆ. ಚೆನ್ನೈ, ಹೈದರಾಬಾದಿನವರಿಗೆ ಆನ್‌ಲೈನ್‌ನಲ್ಲಿ ಕಲಿಸಿದರೂ 20 ಲಕ್ಷದೊಳಗಿದ್ದರೆ ನೋಂದಣಿ ಬೇಡ. ಬೇರೆ ರಾಜ್ಯ ಅಂದ ಕೂಡಲೇ ಮಾಡಿಸಲೇಬೇಕು ಎಂದು ಹೆದರಿಸಿ ಫೀಸು ಕೀಳುವ ಏಜೆಂಟರ ಮಾತು ಕೇಳಬೇಡಿ.

ಹಣವನ್ನು ಸುಮ್ನೆ ಯುಪಿಐನಲ್ಲಿ ತಗೊಂಡರೆ ಯಾರಿಗೆ ಗೊತ್ತಾಗುತ್ತೆ ಎಂದು ಈಗಲೂ ಕೇಳುವವರಿದ್ದಾರೆ. 2025ರ ಜುಲೈನಲ್ಲಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದದ್ದು ಯುಪಿಐ ಲೆಕ್ಕ ನೋಡಿಯೇ ಅಲ್ವಾ? ಪ್ರತಿ ಭಾನುವಾರ ಹತ್ತು ನಿಮಿಷ ಕೂತು ದಿನಾಂಕ, ಹೆಸರು, ಮೊತ್ತ, ರಸೀದಿ ನಂಬರ್ ಬರೆದಿಡಿ. ಇದಕ್ಕೆ ಆ್ಯಪ್ ಬೇಡ, ರೂಲ್ಡ್ ನೋಟ್‌ಬುಕ್ ಸಾಕು.

ಹಂತ 4: ಎರಡು ಪುಟದ ಒಪ್ಪಂದ. ಎಷ್ಟು ಭೇಟಿ, ಎಷ್ಟು ಫೀಸು, ನಡುವೆ ಬಿಟ್ಟರೆ ಎಷ್ಟು ವಾಪಸ್ ಎಂಬುದು ಕನ್ನಡದಲ್ಲೇ ಸ್ಪಷ್ಟವಾಗಿರಲಿ. ನೆಟ್‌ನಿಂದ ಇಳಿಸಿದ ಮಾದರಿ ಬಳಸಬೇಡಿ. ತಕರಾರು ಬಂದರೆ ಕ್ಯಾಲಿಫೋರ್ನಿಯಾ ಕೋರ್ಟಿಗೆ ಹೋಗಬೇಕು ಎಂಬಂಥ ಸಾಲುಗಳು ಅದರಲ್ಲಿರುತ್ತವೆ. ‘ಕಟ್ಟಿದ ಹಣ ವಾಪಸಿಲ್ಲ’ ಎಂದು ಬರೆದುಬಿಟ್ಟರೆ ಗ್ರಾಹಕರ ಆಯೋಗದಲ್ಲಿ ಪಾರಾಗುತ್ತೀರಿ ಎಂದೂ ನಂಬಬೇಡಿ. 18 ತುಂಬದವರ ಸಹಿಗೆ ಒಪ್ಪಂದದ ಬೆಲೆ ಇಲ್ಲ. ಅಪ್ಪ ಅಥವಾ ಅಮ್ಮನೇ ಸಹಿ ಹಾಕಬೇಕು.

ಹಂತ 5: ಜಾಹೀರಾತು. ‘ಶೇ 100 ಕೆಲಸ ಗ್ಯಾರಂಟಿ’ ಬೇಡವೇ ಬೇಡ. ಕೋಚಿಂಗ್ ಜಾಹೀರಾತಿಗೆಂದೇ 2024ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ತಂದಿದೆ. ಪಾಸಾದವರ ಫೋಟೊ ಹಾಕಲು ಅವರು ಆಯ್ಕೆಯಾದ ನಂತರ ಲಿಖಿತ ಒಪ್ಪಿಗೆ ಪಡೆಯಬೇಕು ಎನ್ನುತ್ತದೆ ಅದು. ಐವತ್ತಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳಿಗೆ ಈ ನಿಯಮ. ನಿಮ್ಮಲ್ಲಿ ಐದೇ ಜನ ಇದ್ದರೂ ಪಾಲಿಸಿ, ಯಾಕಂದ್ರೆ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಹಾಕುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸಣ್ಣವರನ್ನೂ ಬಿಡುವುದಿಲ್ಲ. ಮಕ್ಕಳ ಜೂಮ್ ತರಗತಿ ರೆಕಾರ್ಡ್ ಮಾಡುವುದಾದರೆ ಪೋಷಕರ ಒಪ್ಪಿಗೆಯನ್ನು ಅದೇ ಒಪ್ಪಂದದ ಕೊನೆಗೆ ಬೇರೆ ಸಹಿ ಹಾಕಿಸಿ ತೆಗೆದುಕೊಳ್ಳಿ.