ಆಟಿಯ ತೇವದಲ್ಲಿ ಅಜೈಡ್‌ನ ರಿಲ್ಯಾಕ್ಸೇಶನ್ ಕಾಲ ಅಳೆಯುವುದು

ಆಟಿಯಲ್ಲಿ, ಅಂದರೆ ಜೋರು ಮಳೆಯ ತುಳು ತಿಂಗಳಲ್ಲಿ, ಉಪ್ಪಿನ ಭರಣಿ ನೀರು ಬಿಡುವ ಊರು ನಮ್ಮ ಕಾಸರಗೋಡು. ಇಲ್ಲಿ ನಾನು ಅಳೆಯುವುದು ರಿಲ್ಯಾಕ್ಸೇಶನ್ ಕಾಲ: ಇನ್ಫ್ರಾರೆಡ್ ಬೆಳಕು ತಾಗಿ ಕಂಪಿಸುವ ಅಜೈಡ್ (ಮೂರು ನೈಟ್ರೋಜನ್ ಪರಮಾಣುಗಳ ಅಯಾನು) ಆ ಶಕ್ತಿಯನ್ನು ಬಿಟ್ಟುಕೊಡಲು ಹಿಡಿಯುವ ಹೊತ್ತು. ದ್ರಾವಣವನ್ನು ಹಿಡಿದಿಡುವ, ಇನ್ಫ್ರಾರೆಡ್ ಹಾಯುವ ಪೊಟ್ಯಾಸಿಯಂ ಬ್ರೋಮೈಡ್ ಕಿಟಕಿಯೂ ಉಪ್ಪೇ, ಇಲ್ಲಿ ಬೇಗ ಮಂಜಾಗುತ್ತದೆ. ಹಾಗಾಗಿ ನಾನು ಬಳಸುವುದು 2 ಮಿ.ಮೀ. ದಪ್ಪದ ಎರಡು ಕ್ಯಾಲ್ಸಿಯಂ ಫ್ಲೋರೈಡ್ ಕಿಟಕಿ, ನಡುವೆ 50 ಮೈಕ್ರಾನ್ ಟೆಫ್ಲಾನ್ ಸ್ಪೇಸರ್.

ಕಲಿಯುವವರಿಗೆ ಸೋಡಿಯಂ ಅಜೈಡ್ ಒಳ್ಳೆಯದು. ಭಾರಜಲದಲ್ಲಿ (ಡ್ಯೂಟೀರಿಯಂ ಇರುವ ನೀರು) ಸುಮಾರು 50 ಮಿಲಿಮೋಲಾರ್ ಕರಗಿಸಿದರೆ 2043 ಸೆಂ.ಮೀ.⁻¹ (ಇನ್ಫ್ರಾರೆಡ್ ಬೆಳಕಿನ ಆವೃತ್ತಿ ಹೇಳುವ ಮಾನ) ಹತ್ತಿರ ಹೀರಿಕೆ 0.5ರ ಆಸುಪಾಸು ಸಿಗುತ್ತದೆ. ಸಾದಾ ನೀರಿನ ಅಗಲ ಪಟ್ಟಿ 2130ರ ಬಳಿ ಅಡ್ಡ ಬರುತ್ತದೆ. ಅದರಲ್ಲಿ ಅಜೈಡ್‌ನ ಕಂಪನ ಒಂದು ಪಿಕೊಸೆಕೆಂಡಿನೊಳಗೇ (ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗ) ಇಳಿದೂ ಬಿಡುತ್ತದೆ. ಭಾರಜಲದ ಬಾಟಲಿ ತೆರೆದಿಟ್ಟರೆ ಗಾಳಿಯ ತೇವ ಸೇರಿ ನಿಮ್ಮ ಅಳತೆಯೂ ಹಾಳು. ಅಜೈಡ್ ವಿಷ. ಆಮ್ಲ ತಾಗಿಸಬೇಡಿ, ಸಿಂಕಿಗೆ ಸುರಿಯಬೇಡಿ: ತಾಮ್ರ, ಸೀಸದ ಪೈಪಿನಲ್ಲಿ ಸ್ಫೋಟಕವಾಗಿ ಕೂರುತ್ತದೆ.

ಪಟ್ಟಿಯ ಅಗಲದಿಂದಲೇ ಕಾಲ ಲೆಕ್ಕ ಹಾಕಬಹುದಲ್ಲ ಎಂದು ಕೇಳುವವರಿದ್ದಾರೆ. ಆಗದು. 5.3ನ್ನು ಪಿಕೊಸೆಕೆಂಡಿನಲ್ಲಿರುವ ಕಾಲದಿಂದ ಭಾಗಿಸಿ: ಭಾರಜಲದಲ್ಲಿ ಅಜೈಡ್‌ನ ಸುಮಾರು 2.4 ಪಿಕೊಸೆಕೆಂಡಿಗೆ ಬರುವ ಅಗಲ ಬರೇ 2.2 ಸೆಂ.ಮೀ.⁻¹. ಕಾಣುವ ಪಟ್ಟಿ ಅದಕ್ಕಿಂತ ಎಷ್ಟೋ ಅಗಲ. ಹೆಚ್ಚಿನದೆಲ್ಲ ಸುತ್ತಲ ನೀರಿನ ಅಲುಗಾಟದ್ದು.

ಆದ್ದರಿಂದ ಪಂಪ್-ಪ್ರೋಬ್, ಅಂದರೆ ಎರಡು ಚುಟುಕು ಇನ್ಫ್ರಾರೆಡ್ ಲೇಸರ್ ಸ್ಪಂದಗಳ ವಿಧಾನ. ಪಂಪ್ ಸ್ಪಂದ ಅಣುಗಳನ್ನು ಒಂದು ಮೆಟ್ಟಿಲು ಏರಿಸುತ್ತದೆ, ತಡವಾಗಿ ಬರುವ ಪ್ರೋಬ್ ಎಷ್ಟು ಇಳಿದವೆಂದು ನೋಡುತ್ತದೆ. ಒಂದು ಕಿರಣದ ದಾರಿಯ ಕನ್ನಡಿ ಹೊತ್ತ ಸ್ಟೇಜ್ 0.15 ಮಿ.ಮೀ. ಸರಿದರೆ ಬೆಳಕಿಗೆ ಹೋಗಿಬರುವ ದಾರಿ 0.3 ಮಿ.ಮೀ. ಹೆಚ್ಚುತ್ತದೆ, ಅಂದರೆ 1 ಪಿಕೊಸೆಕೆಂಡ್. ಎರಡೂ ಕಿರಣಗಳನ್ನು 100 ಮೈಕ್ರಾನ್ ಪಿನ್‌ಹೋಲ್‌ನಲ್ಲಿ ಕೂಡಿಸಿ, ಅದೇ ಜಾಗದಲ್ಲಿ ತೆಳು ಜರ್ಮೇನಿಯಂ ಬಿಲ್ಲೆ ಇಡುತ್ತೇನೆ. ಪಂಪ್ ಬಿದ್ದೊಡನೆ ಬಿಲ್ಲೆ ದಾಟಿ ಬರುವ ಪ್ರೋಬ್ ಥಟ್ಟನೆ ಕುಗ್ಗುತ್ತದೆ. ಅದೇ ಸೊನ್ನೆ ಸಮಯ. ಧ್ರುವೀಕರಣಗಳ ನಡುವೆ 54.7° ಕೋನ ಬೇಕು, ಇಲ್ಲದಿದ್ದರೆ ಅಣುಗಳ ತಿರುಗಾಟವೂ ಲೆಕ್ಕಕ್ಕೆ ನುಸುಳುತ್ತದೆ.

ಕಿರಣದ ದಾರಿಗೆಲ್ಲ ಪೆಟ್ಟಿಗೆ ಕಟ್ಟಿ ಒಣ ಗಾಳಿ ಹಾಯಿಸುತ್ತೇನೆ. ನೀಲಿ ಸಿಲಿಕಾ ಜೆಲ್ ಗುಲಾಬಿಯಾದರೆ ಆ ದಿನದ ಅಳತೆ ನಂಬುವುದಿಲ್ಲ.

ಎಡವುವುದು ಹೆಚ್ಚಾಗಿ ಫಿಟ್ಟಿಂಗಿನಲ್ಲಿ, ಅಂದರೆ ಅಳತೆಗೆ ಇಳಿಯುವ ಗೆರೆ ಹೊಂದಿಸಿ ಕಾಲ ತೆಗೆಯುವಲ್ಲಿ. ಅಣು ಬಿಟ್ಟುಕೊಟ್ಟ ಶಕ್ತಿ ದ್ರಾವಕವನ್ನು ಬಿಸಿ ಮಾಡುತ್ತದೆ, 2043ರ ಸಿಗ್ನಲ್ ಸೊನ್ನೆಗೆ ಮರಳುವುದೇ ಇಲ್ಲ. ಆ ಬಾಲವನ್ನು ಕಡೆಗಣಿಸಿದರೆ ಕಾಲ ಉದ್ದವಾಗಿ ತೋರುತ್ತದೆ. ನಾನು 2018ರ ಸುತ್ತಲಿನ ಉದ್ರಿಕ್ತ ಸ್ಥಿತಿಯ (ಮೆಟ್ಟಿಲು ಏರಿದ ಅಣುಗಳ) ಹೀರಿಕೆಯನ್ನು ಫಿಟ್ ಮಾಡುತ್ತೇನೆ, ಉಳಿಯುವ ಬಾಲಕ್ಕೆ ಒಂದು ಸ್ಥಿರ ಆಫ್‌ಸೆಟ್ ಇಟ್ಟೇ. ಸ್ಪಂದಗಳು ಒಂದರ ಮೇಲೊಂದು ಬೀಳುವ ಮೊದಲ ಭಾಗವನ್ನು ಬಿಟ್ಟು. ಆಮೇಲೆ ಪಂಪ್ ಶಕ್ತಿಯನ್ನು ಅರ್ಧಕ್ಕಿಳಿಸಿ ಮತ್ತೆ ಅಳೆಯುವುದು. ಕಾಲ ಬದಲಾದರೆ ಮೊದಲಿನ ಓಟ ಕಸದ ಬುಟ್ಟಿಗೆ.