ಸ್ವಂತ ಕಟ್ಟಡದಲ್ಲಿ ಎಪಿಐ ಗೇಟ್‌ವೇ: ಕೊಟೇಶನ್‌ಗೆ ಮೊದಲು ಲೆಕ್ಕ

ಶಿರಸಿಯ ಅಡಿಕೆ ಸಹಕಾರಿ ಸಂಘವಿರಲಿ, ಕಾರವಾರದ ಪತ್ತಿನ ಸಂಘವಿರಲಿ, ಸದಸ್ಯರ ಆ್ಯಪ್ ಮತ್ತು ಶಾಖೆಯ ಕಂಪ್ಯೂಟರು ಒಳಗಿನ ಮಾಹಿತಿ ಕೇಳಲು ಬರುವ ಒಂದೇ ಬಾಗಿಲು ಎಪಿಐ ಗೇಟ್‌ವೇ. ಹಲವರು ಮೊದಲು ಸರ್ವರ್ ಕೊಟೇಶನ್ ತರಿಸಿ ಆಮೇಲೆ ಲೆಕ್ಕಕ್ಕೆ ಕೂರುತ್ತಾರೆ. ಲೆಕ್ಕ ಮೊದಲಾಗಲಿ.

ದಿನಕ್ಕೆ 12 ಲಕ್ಷ ಕರೆ, ಅಂದರೆ ಮಾಹಿತಿ ಕೇಳಿ ಗೇಟ್‌ವೇಗೆ ಬರುವ ಕೋರಿಕೆ, ಎಂದಿಟ್ಟುಕೊಳ್ಳಿ. ದಿನದ 86,400 ಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ 14. ಈ ಅಂಕಿ ನಂಬಬೇಡಿ. ಅಡಿಕೆ ಟೆಂಡರ್ (ಹರಾಜು) ನಡೆಯುವ ಮೂರು ತಾಸಿನಲ್ಲೇ ಶೇ 60ರಷ್ಟು ಕರೆ ಬಂದರೆ ಅದು ಸೆಕೆಂಡಿಗೆ 67. ದರ ಪ್ರಕಟವಾದ ಗಳಿಗೆಯಲ್ಲಿ ಎಲ್ಲರೂ ಒಟ್ಟಿಗೇ ಆ್ಯಪ್ ತೆರೆಯುತ್ತಾರೆ, ಮೂರು ಪಟ್ಟು ಹಿಡಿದು 200 ಎಂದು ಬರೆದುಕೊಳ್ಳಿ.

ಜನ ಎಡವುವುದು ಇದರ ಮುಂದಿನ ಲೆಕ್ಕದಲ್ಲಿ. ಗೇಟ್‌ವೇ ಕುಸಿಯುವುದು ಹೆಚ್ಚಾಗಿ ತನ್ನ ಹೊರೆಯಿಂದಲ್ಲ, ಹಿಂದಿನ ಡೇಟಾಬೇಸ್ ನಿಧಾನವಾದಾಗ. ಉತ್ತರ 0.3 ಸೆಕೆಂಡಿನಲ್ಲಿ ಬಂದರೆ 200 ಕರೆಗೆ ಏಕಕಾಲಕ್ಕೆ 60 ಕರೆ ಬಾಕಿ ಇರುತ್ತವೆ. ಉತ್ತರಕ್ಕೆ 5 ಸೆಕೆಂಡ್ ಹಿಡಿದರೆ ಅದೇ 200 ಕರೆಗೆ ಬಾಕಿ 1,000. ಪ್ರತಿ ಕರೆಗೂ ಆಚೆಗೊಂದು, ಈಚೆಗೊಂದು ಸಾಕೆಟ್ (ಸಂಪರ್ಕದ ತುದಿ) ಬೇಕು, ಅಂದರೆ 2,000. ಲಿನಕ್ಸ್‌ನಲ್ಲಿ ಸಾಕೆಟ್ ಕೂಡ ತೆರೆದ ಫೈಲಿನ ಲೆಕ್ಕಕ್ಕೇ ಸೇರುತ್ತದೆ, ಆ ಫೈಲುಗಳ ಮಿತಿ ಬಹಳ ಕಡೆ 1,024ರಲ್ಲೇ ಇರುತ್ತದೆ. ಸಿಪಿಯು ಶೇ 20ರಲ್ಲಿದ್ದರೂ ಗೇಟ್‌ವೇ ಉತ್ತರಿಸದೆ ನಿಲ್ಲುವುದು ಹೀಗೆ. ಮಿತಿಯನ್ನು 65,536ಕ್ಕೆ ಏರಿಸಿ, ಟೈಮ್‌ಔಟ್ (ಉತ್ತರಕ್ಕೆ ಕಾಯುವ ಗರಿಷ್ಠ ಸಮಯ) 2 ಸೆಕೆಂಡ್ ಇಡಿ; ಆಗ ಬಾಕಿ 400 ದಾಟದು. ಟೈಮ್‌ಔಟ್ 60 ಸೆಕೆಂಡಿಗೆ ಬಿಟ್ಟು ರ್‍ಯಾಮ್ ಏರಿಸುವುದು ದುಡ್ಡು ದಂಡ.

ಗೇಟ್‌ವೇಗೆ ಎರಡು ಯಂತ್ರ, ತಲಾ 4 ಕೋರ್, 8 ಜಿಬಿಯಿಂದ ಶುರುಮಾಡಿ. ಒಂದು ಕೆಟ್ಟರೆ ಇನ್ನೊಂದೇ 200 ಕರೆಯನ್ನೂ ಹೊರಬೇಕು. ನಿರ್ವಹಣೆಯ ಭಾಗ, ಡೆವಲಪರ್ ಪೋರ್ಟಲ್ (ಆ್ಯಪ್ ಬರೆಯುವವರು ಬಳಸುವ ತಾಣ) ಬೇರೆ ಯಂತ್ರದಲ್ಲಿರಲಿ.

ಸಂರಚನೆ ಇಡಲು ಎಟ್‌ಸಿಡಿ (ಹಲವು ಯಂತ್ರಗಳಲ್ಲಿ ಒಂದೇ ಪ್ರತಿ ಕಾಯ್ದುಕೊಳ್ಳುವ ಡೇಟಾಬೇಸ್) ಬಳಸುವುದಾದರೆ ಮೂರು ನೋಡ್, ಅಂದರೆ ಮೂರು ಯಂತ್ರ. ಬಹುಮತದ ನೋಡ್‌ಗಳು ಒಪ್ಪಿದರಷ್ಟೇ ಅದು ಬರೆದುಕೊಳ್ಳುತ್ತದೆ. ಎರಡಿದ್ದರೆ ಬಹುಮತಕ್ಕೆ ಎರಡೂ ಬೇಕು, ಒಂದು ಬಿದ್ದರೆ ಬರೆಯುವ ಕೆಲಸವೇ ನಿಲ್ಲುತ್ತದೆ. ನಾಲ್ಕಿದ್ದರೂ ತಾಳುವುದು ಒಂದರ ನಷ್ಟವನ್ನಷ್ಟೇ. ಮೂರೂ ನೋಡ್‌ಗಳನ್ನು ವರ್ಚುವಲ್ ಯಂತ್ರಗಳಾಗಿ (ಸಾಫ್ಟ್‌ವೇರ್ ಸೃಷ್ಟಿಸಿದ ಯಂತ್ರ) ಒಂದೇ ಭೌತಿಕ ಸರ್ವರಿನಲ್ಲಿ ಕೂರಿಸುವವರಿದ್ದಾರೆ. ಒಂದು ಮದರ್‌ಬೋರ್ಡ್ ಸುಟ್ಟರೆ ಮೂರೂ ಹೋದವು. ಶಿರಸಿಯಲ್ಲಿ ಎರಡು, ಕಾರವಾರದಲ್ಲಿ ಒಂದು ಇಟ್ಟರೂ ಶಿರಸಿ ಕತ್ತಲಾದರೆ ಬಹುಮತವಿಲ್ಲ. ಮೂರನೆಯದಕ್ಕೆ ಮೂರನೇ ಊರು ಹುಡುಕಿ. ಡಿಸ್ಕ್ ಎಸ್‌ಎಸ್‌ಡಿಯೇ ಆಗಲಿ.

ಲಾಗ್ (ಪ್ರತಿ ಕರೆಯ ದಾಖಲೆ): ಕರೆಗೆ 2 ಕೆಬಿ ಎಂದರೆ ದಿನಕ್ಕೆ 2.4 ಜಿಬಿ, 90 ದಿನಕ್ಕೆ 216 ಜಿಬಿ. ಪ್ರತ್ಯೇಕ ಡಿಸ್ಕಿಗೆ ಹಾಕಿ.

ಕರಾವಳಿಯಲ್ಲಿ ಸರ್ವರ್ ಕೋಣೆಯ ಕಿಟಕಿ ತೆರೆದಿಡಲೇಬೇಡಿ. ಉಪ್ಪುಗಾಳಿಗೆ ಕನೆಕ್ಟರುಗಳು ತುಕ್ಕು ಹಿಡಿಯುತ್ತವೆ; ತೇವಾಂಶ ಶೇ 60 ಮೀರದಿರಲಿ. ಎರಡು ಕಂಪನಿಗಳ ಫೈಬರ್ ತೆಗೆದುಕೊಂಡರೂ ಎರಡೂ ಶಿರಸಿ–ಕುಮಟಾ ನಡುವಿನ ದೇವಿಮನೆ ಘಟ್ಟದ ಒಂದೇ ದಾರಿಯಲ್ಲಿ ಇಳಿದರೆ ಮಳೆಗಾಲದ ಒಂದು ಕುಸಿತಕ್ಕೆ ಎರಡೂ ತುಂಡಾಗುತ್ತವೆ. 2024ರ ಜುಲೈಯಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಬಿತ್ತು. ಕಂಪನಿಯಿಂದ ದಾರಿಯ ನಕ್ಷೆ ಕೇಳಿ, ಶಿರಸಿಯವರು ಒಂದನ್ನಾದರೂ ಹುಬ್ಬಳ್ಳಿ ಕಡೆಯಿಂದ ಪಡೆಯಿರಿ.

ಚಾಲನೆಗೆ ಮೊದಲು ಸೆಕೆಂಡಿಗೆ 200 ಕರೆ ಹರಿಸುತ್ತಾ ಡೇಟಾಬೇಸನ್ನು ಬೇಕೆಂದೇ 5 ಸೆಕೆಂಡ್ ನಿಧಾನ ಮಾಡಿ, ಅರ್ಧ ತಾಸು ನೋಡಿ. ಅದು ಸರಿಹೋದ ಮೇಲೆ ಒಂದು ಗೇಟ್‌ವೇಯ ವಿದ್ಯುತ್ ತಂತಿ ಕೀಳಿ.