ಗೊಬ್ಬರದಂಗಡಿಯ ಮೈಲುತುತ್ತದಲ್ಲಿ ಎಚಿಂಗ್

"ಎಷ್ಟು ಎಕರೆ ಅಡಿಕೆ ಸಾರ್?" ಎರಡು ಕೆಜಿ ಮೈಲುತುತ್ತ ಕೇಳಿದ್ದಕ್ಕೆ ಗೊಬ್ಬರದಂಗಡಿಯವರು ಕೇಳಿದರು. ಎಚಿಂಗ್‌ಗೆ ಅಂದೆ, ತಗಡಿನಲ್ಲಿ ಗೆರೆಗಳನ್ನು ದ್ರಾವಣದಿಂದ ಕೊರೆಸಿ ಅಚ್ಚು ತೆಗೆಯುವ ಚಿತ್ರಕಲೆಗೆ. ಅವರಿಗಿರಲಿ, ನಮ್ಮ ಎಚಿಂಗ್ ಗೆಳೆಯರಿಗೇ ಇದು ಹಿಡಿಸಿರಲಿಲ್ಲ. "ಅಲ್ಯೂಮಿನಿಯಂ ಮೇಲೆ ಗೆರೆ ನಿಲ್ಲಲ್ಲ ಕಣೋ, ಸುಮ್ನೆ ದುಡ್ಡು ದಂಡ" ಅಂದಿದ್ದರು.

ನನ್ನದು ಬಾಡಿಗೆ ಮನೆ. ಎಚಿಂಗಿಗೆ ರೂಢಿಯಲ್ಲಿರುವ ನೈಟ್ರಿಕ್ ಆಸಿಡ್ ಹೊಗೆ ಎದ್ದರೆ ಓನರ್ ಬಿಡುವುದಿಲ್ಲ. ಸತುವಿನ ತಗಡಿನ ರೇಟು ಕೇಳಲೇಬೇಡಿ. ಆಫ್‌ಸೆಟ್ ಪ್ರೆಸ್ಸಿನ ಹಳೇ ಅಲ್ಯೂಮಿನಿಯಂ ಪ್ಲೇಟಾದರೆ ಗುಜರಿಯಲ್ಲಿ ತೂಕದ ಲೆಕ್ಕ, ಒಂದಕ್ಕೆ 40 ರೂಪಾಯಿ ಬಿದ್ದಿರಬಹುದು. ಮುದ್ರಣದ ಮುಖಕ್ಕೆ ಪ್ಯಾಕಿಂಗ್ ಟೇಪ್, ನಮ್ಮ ಕೆಲಸ ಹಿಂಬದಿಯಲ್ಲಿ.

ಮೊದಲ ಸಲ ಮೈಲುತುತ್ತ, ಉಪ್ಪು ಎರಡನ್ನೂ ಧಾರಾಳವಾಗಿ ಸುರಿದೆ. ದ್ರಾವಣ ಬಿಸಿಯೇರಿ ಗ್ರೌಂಡ್, ಅಂದರೆ ಕೊರೆಯಬಾರದ ಜಾಗ ಕಾಯಲು ತಗಡಿಗೆ ಬಳಿದ ಲೇಪ, ಎದ್ದು ತೇಲಿತು. ಆರು ಪ್ಲೇಟು ಹೀಗೇ ಹೋದವು. ಒಂದರಲ್ಲಿ ತೂತೇ ಬಿತ್ತು, ತಗಡು 0.3 ಮಿ.ಮೀ. ಅಷ್ಟೇ ಅಲ್ವಾ. ಈಗ ಲೀಟರಿಗೆ ಎರಡೂ 75 ಗ್ರಾಂ ಆಸುಪಾಸು. ಗೆರೆಯಲ್ಲಿ ಕೂರುವ ತಾಮ್ರದ ಕೆಂಪು ಗಸಿಯನ್ನು ಕೋಳಿಪುಕ್ಕದಲ್ಲಿ ತಳ್ಳುತ್ತಲೇ ಇರಬೇಕು. ಇನ್ನೊಂದು ಚಿಟಿಕೆ ಏನೋ ಹಾಕುತ್ತೇನೆ, ಅದು ಮಾತ್ರ ನನಗಿರಲಿ.

ಗ್ರೌಂಡ್ ಇಲ್ಲದ ಕಡೆ ಅಲ್ಯೂಮಿನಿಯಂ ಮರಳುಮರಳಾಗಿ ಕೊರೆದುಹೋಗುತ್ತದೆ. ಎಲ್ಲರೂ ದೋಷ ಅಂದದ್ದು ಇದನ್ನೇ. 2016ರಲ್ಲಿ ಮೈಸೂರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದಾಗ ಗಾರೆ ಉದುರಿದ ಗೋಡೆಯನ್ನು ಸ್ಕೆಚ್ ಮಾಡಿಕೊಂಡಿದ್ದೆ. ಪ್ಲೇಟಿನಲ್ಲಿ ಗಾರೆಯ ಜಾಗವನ್ನು ಹಾಗೇ ತೆರೆದಿಟ್ಟು ಎರಡು ನಿಮಿಷ ಮುಳುಗಿಸಿದೆ. ರಾಳದ ಪುಡಿ ಇಲ್ಲ, ಅದರಿಂದ ಛಾಯೆ ತರುವ ಅಕ್ವಾಟಿಂಟ್ ಇಲ್ಲ, ಮುಟ್ಟಿದರೆ ಉದುರೀತು ಅನ್ನುವಂತೆ ಬಂತು ಗೋಡೆ! ದೂರದ ಕಮಾನಿಗೆ ಅರ್ಧ ನಿಮಿಷ, ಆಮೇಲೆ ಇನ್ನು ಕೊರೆಯದಂತೆ ಅದರ ಮೇಲೆ ವಾರ್ನಿಷ್. ಎದುರಿನ ಕಂಬಕ್ಕೆ ಎಂಟು ನಿಮಿಷ. ರೋಮಿನ ಪಾಳುಗಳನ್ನು ಕೊರೆದ ಹದಿನೆಂಟನೇ ಶತಮಾನದ ಇಟಲಿಯ ಕಲಾವಿದ ಪಿರನೇಸಿಯದೂ ಇದೇ ಹಂತಹಂತದ ಕೆಲಸ. ತನ್ನ ಸೆರೆಮನೆ ಚಿತ್ರಗಳನ್ನು ಅವನು 1761ರಲ್ಲಿ ಮತ್ತೆ ಕೊರೆದು ಇನ್ನಷ್ಟು ಕಪ್ಪಾಗಿಸಿದ. ನನ್ನ ತೆಳು ತಗಡಿಗೆ ಆ ಭಾಗ್ಯವಿಲ್ಲ.

ದೊಡ್ಡ ಗಡಿಯಾರದ ಕಥೆ ಬೇರೆ. ಅದರ ಕನ್ನಡ ಅಂಕಿಗಳನ್ನು ಪ್ಲೇಟಿನ ಮೇಲೆ ನೇರವಾಗಿಯೇ ಬರೆದುಬಿಟ್ಟೆ. ಅಚ್ಚಿನಲ್ಲಿ ಎಲ್ಲ ಉಲ್ಟಾ. ಇಪ್ಪತ್ತು ವರ್ಷ ಈ ಕೆಲಸ ಮಾಡಿದವನು ನಾನು!

ಪ್ರೆಸ್ಸಿಗೆ ದುಡ್ಡಿಲ್ಲದಾಗ ಮಂಡ್ಯದ ಭಾವನ ಕಬ್ಬಿನ ಹಾಲಿನ ಗಾಣದಲ್ಲೂ ಅಚ್ಚು ಹೊಡೆಯಲು ನೋಡಿದೆ. ರೋಲರಿನ ತೋಡುಗಳ ಗುರುತು ಪೇಪರಿನ ಮೇಲೆ ಬಿತ್ತು, ರಾತ್ರಿ ಅದಕ್ಕೆ ಇರುವೆ ಮುತ್ತಿದವು. ಕೊನೆಗೆ ಲೇತ್ ಅಂಗಡಿಯಲ್ಲಿ ಪ್ರೆಸ್ ಮಾಡಿಸಿದೆ, 35 ಸಾವಿರದ ಹತ್ತಿರ ಆಯಿತು.

ಮಾರುಕಟ್ಟೆಯ ಅಚ್ಚು ಹದಿನೈದು ಪ್ರತಿ ತೆಗೆಯುವಷ್ಟರಲ್ಲಿ ಗೆರೆ ಸವೆಯಿತು. ಒಂದಕ್ಕೆ 1,500ರಂತೆ ಒಂಬತ್ತು ಹೋಗಿವೆ. ದಂಡ ಅಂದ ಗೆಳೆಯನೂ ಒಂದು ಒಯ್ದಿದ್ದಾನೆ, ದುಡ್ಡು ಇನ್ನೂ ಬಂದಿಲ್ಲ.